ಲಾರಿಯಲ್ಲಿ ಬಂದ ಮನೆ



ಈ ದತ್ತಿ ಉಪನ್ಯಾಸ ಕಟ್ಟಡಕ್ಕೆ ಸಂಬಂಧಿಸಿರಬೇಕು, ಇಲ್ಲವೇ ಪುಸ್ತಕಕ್ಕೆ ಸಂಬಂಧಿಸಿರಬೇಕು ಎಂದು ಸಂಘಟಕರು ಹೇಳಿದ್ದರು. ಯಾರ ಹೆಸರಿನಲ್ಲಿ ಈ ದತ್ತಿ ಇದೆಯೋ ಅವರಿಗೆ ಎರಡರ ಮೇಲೂ ಪ್ರೀತಿ ಇತ್ತಂತೆ. ಹಾಗಾಗಿ ಎರಡೂ ಒಟ್ಟಿಗೆ ಸಿಗುವ ಒಂದು ಮೂಲೆಯನ್ನು ಆರಿಸಿಕೊಂಡಿದ್ದೇನೆ. ಕಾರ್ಖಾನೆಯಲ್ಲಿ ತಯಾರಾಗಿ, ಗಾಡಿಯ ಮೇಲೆ ಬಂದು, ಸೈಟಿನಲ್ಲಿ ಜೋಡಣೆಯಾಗುವ ಮನೆಗಳ ಕುರಿತು ಬಂದಿರುವ ಪುಸ್ತಕಗಳು ನನ್ನ ವಿಷಯ. ಇಂಥ ಮನೆಗೆ 'ಪೂರ್ವನಿರ್ಮಿತ' ಎಂಬ ಪದ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಮೇಸ್ತ್ರಿಯೊಬ್ಬರ ಬಾಯಲ್ಲಿ ಆ ಪದವನ್ನು ನಾನು ಇದುವರೆಗೆ ಕೇಳಿಲ್ಲ. ಅವರಿಗೆ ಅದು ಪ್ರಿಫ್ಯಾಬ್, ಅಥವಾ ರೆಡಿಮೇಡ್ ಮನೆ. ನಾನೂ ಅವರ ಪಕ್ಷ.

ಮೊದಲು ಮನೆ ಮಾರುವುದಕ್ಕಾಗಿಯೇ ಅಚ್ಚಾದ ಪುಸ್ತಕಗಳನ್ನು ನೋಡೋಣ. ಆಮೇಲೆ ಕನಸು ಕಂಡವರ ಪುಸ್ತಕಗಳಿಗೂ ಆ ಕನಸು ಮುರಿದದ್ದನ್ನು ಬರೆದಿಟ್ಟವರ ಪುಸ್ತಕಗಳಿಗೂ ಬರುತ್ತೇನೆ. ಅಲ್ಲಿಂದ ಈ ಶತಮಾನದ ನುಣುಪು ಕಾಗದದ, ಬಣ್ಣದ ಚಿತ್ರಗಳ ಪುಸ್ತಕಗಳು. ಕೊನೆಗೆ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಒಬ್ಬ ವಾಸ್ತುಶಿಲ್ಪಿಯ ಕಥೆ. ಬಹುಮಹಡಿ ಕಟ್ಟಡಗಳನ್ನು ಬಿಟ್ಟಿದ್ದೇನೆ, ಒಂದೇ ಒಂದರ ಹೊರತು.

ವಿಷಯಕ್ಕೆ ಇಳಿಯುವ ಮೊದಲು ನನ್ನ ಅಳತೆಗೋಲು ಯಾವುದೆಂದು ಹೇಳಿಬಿಡಬೇಕು. ಅದು ನನಗೆ ಸಿಕ್ಕಿದ್ದು ಗ್ರಂಥಾಲಯದಲ್ಲಲ್ಲ, ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ತಿರುವಿನಲ್ಲಿ. ನನ್ನ ಅಕ್ಕನ ಮಗ ತೋಟದಲ್ಲೊಂದು ಎರಡು ಕೋಣೆಯ ಮನೆ ಬೇಕೆಂದು ಹೊರಟಿದ್ದ. ನಾನು ಪಾಠ ಹೇಳುವವನ ಉತ್ಸಾಹದಲ್ಲಿ ಪ್ರಿಫ್ಯಾಬ್ ಮನೆಗಳ ದಪ್ಪ ಚಿತ್ರಪುಸ್ತಕವೊಂದನ್ನು ಅವನ ಕೈಗಿಟ್ಟೆ. ಅವನು ಚಿತ್ರಕ್ಕೆ ಮರುಳಾದ, ಒಂದು ಕಂಪನಿಗೆ ಮುಂಗಡ ಕೊಟ್ಟ. ಮನೆ ಹೊತ್ತ ಉದ್ದನೆಯ ಟ್ರೇಲರ್ ಡಾಂಬರು ರಸ್ತೆಯವರೆಗೆ ಚೆನ್ನಾಗಿಯೇ ಬಂತು. ತೋಟದ ದಾರಿಯ ಮೊದಲ ತಿರುವಿನಲ್ಲಿ ನಿಂತಿತು. ಮುಂದಿನ ಮೋರಿ ಕ್ರೇನಿನ ಭಾರ ತಡೆಯುವುದಿಲ್ಲ ಎಂದು ತೋಟದ ರೈಟರು ಕೈಯಲ್ಲಾಡಿಸಿಬಿಟ್ಟರು. ಎರಡು ದಿನ ತೋಟದ ಆಳುಗಳು ಪ್ಯಾನೆಲ್‌ಗಳನ್ನು ಹೆಣ ಹೊರುವಂತೆ ಹೊತ್ತರು. ಒಂದರ ಮೂಲೆ ಕಲ್ಲಿಗೆ ತಾಗಿ ಜಜ್ಜಿತು. ಜೂನ್ ತಿಂಗಳಲ್ಲಿ ಸರಿಯಾಗಿ ಆ ಮೂಲೆಯ ಸಂದಿನಿಂದಲೇ ನೀರು ಒಳಗೆ ಬಂತು. ಅವನು ಪುಸ್ತಕ ವಾಪಸು ತಂದುಕೊಟ್ಟಾಗ ಹೇಳಿದ್ದು ಇಷ್ಟೇ: "ಮಾವ, ಇದರಲ್ಲಿ ಎಲ್ಲ ಇದೆ. ದಾರಿ ಒಂದು ಇಲ್ಲ."

ಅವತ್ತಿನಿಂದ ಈ ಬಗೆಯ ಯಾವ ಪುಸ್ತಕ ಸಿಕ್ಕರೂ ನಾನು ಮೊದಲು ಹುಡುಕುವುದು ಮೂರನ್ನು. ತುಂಡು ತುಂಡಿಗೆ ಸೇರುವ ಸಂದು ಹೇಗಿದೆ? ಮನೆ ಬರುವ ದಾರಿ ಹೇಗಿದೆ? ಅದು ಕೂರುವ ನೆಲ, ಅದರ ಮೇಲಿನ ಬಿಸಿಲು ಮಳೆ ಎಂಥದು? ಮನೆಯ ಚಂದ ಆಮೇಲೆ.

ಈಗ ಮೊದಲ ಬಗೆಯ ಪುಸ್ತಕಗಳಿಗೆ ಬರುತ್ತೇನೆ. 1830ರ ದಶಕದಲ್ಲಿ ಲಂಡನ್ನಿನ ಹೆನ್ರಿ ಮ್ಯಾನಿಂಗ್ ಎಂಬ ಬಡಗಿ ಆಸ್ಟ್ರೇಲಿಯಾಕ್ಕೆ ವಲಸೆ ಹೊರಟ ತನ್ನ ಮಗನಿಗಾಗಿ ಬಿಚ್ಚಿ ಕಟ್ಟಬಹುದಾದ ಮರದ ಮನೆ ಮಾಡಿದ. ಆಮೇಲೆ ಅದೇ ಅವನ ವ್ಯಾಪಾರವಾಯಿತು. ಯಾವ ತುಂಡೂ ಒಬ್ಬ ಆಳಿಗೆ ಹೊರಲಾರದಷ್ಟು ಭಾರ ಇರಬಾರದು ಎಂಬುದು ಅವನ ಲೆಕ್ಕ. ಹಡಗಿನಿಂದ ಇಳಿದ ಮೇಲೆ ರಸ್ತೆಯೇ ಇಲ್ಲದ ದೇಶ ಅದು. ತೋಟದ ತಿರುವಿನಲ್ಲಿ ನಿಂತಿದ್ದಾಗ ನನಗೆ ನೆನಪಾದದ್ದು ಈ ಬಡಗಿ. ದಾರಿಯ ಪ್ರಶ್ನೆಯನ್ನು ಅವನು ಮೊದಲೇ ಕೇಳಿಕೊಂಡಿದ್ದ.

ಮಾರುವ ಪುಸ್ತಕಗಳ ರಾಜ ಎಂದರೆ ಅಮೆರಿಕದ ಸಿಯರ್ಸ್ ರೋಬಕ್ ಕಂಪನಿಯ ಕ್ಯಾಟಲಾಗು. ಸೂಜಿಯಿಂದ ನೇಗಿಲಿನವರೆಗೆ ಎಲ್ಲವನ್ನೂ ಅಂಚೆಯಲ್ಲಿ ಮಾರುತ್ತಿದ್ದ ಈ ಕಂಪನಿ 1908ರಲ್ಲಿ ಮನೆಗಳಿಗೇ ಪ್ರತ್ಯೇಕ ಕ್ಯಾಟಲಾಗು ತಂದಿತು. ಮನೆಯ ಚಿತ್ರ, ಕೆಳಗೆ ನಕ್ಷೆ, ಪಕ್ಕದಲ್ಲಿ ಬೆಲೆ. ಪುಟ ನೋಡಿ ಆರ್ಡರ್ ಬರೆದರೆ ರೈಲಿನ ವ್ಯಾಗನ್ನಿನಲ್ಲಿ ಮನೆ ಹೊರಡುತ್ತಿತ್ತು: ಅಳತೆಗೆ ಕತ್ತರಿಸಿ ನಂಬರು ಹಾಕಿದ ಮರ, ಕಿಟಕಿ, ಬಾಗಿಲು, ಮೊಳೆ, ಬಣ್ಣ ಎಲ್ಲ ಸೇರಿ ಸುಮಾರು 30,000 ಬಿಡಿಭಾಗಗಳು. ಕಟ್ಟುವ ಕ್ರಮ ಹೇಳುವ 75 ಪುಟಗಳ ಕೈಪಿಡಿಯೂ ಜೊತೆಗೆ. ಅದರ ಚರ್ಮದ ರಟ್ಟಿನ ಮೇಲೆ ಮನೆ ಯಜಮಾನನ ಹೆಸರು ಚಿನ್ನದ ಅಕ್ಷರದಲ್ಲಿ. ಪ್ರಿಫ್ಯಾಬ್ ಸಾಹಿತ್ಯದಲ್ಲಿ ಅತ್ಯಂತ ಶ್ರದ್ಧೆಯಿಂದ ಓದಿಸಿಕೊಂಡ ಪುಸ್ತಕ ಇದೇ ಇರಬೇಕು. ತಪ್ಪಾಗಿ ಓದಿದರೆ ಮಾಡು ತಲೆ ಮೇಲೆ ಬೀಳುತ್ತದಲ್ಲ!

1940ರಲ್ಲಿ ನಿಲ್ಲುವ ಹೊತ್ತಿಗೆ ಸಿಯರ್ಸ್ ಸುಮಾರು 70,000 ಮನೆಗಳನ್ನು ಮಾರಿತ್ತು. ಈ ವ್ಯವಹಾರ ನಡೆದದ್ದು ಏಕೆ ಎಂದು ಕೇಳಿದರೆ ಚಿತ್ರ ಚೆನ್ನಾಗಿತ್ತು ಎಂಬುದು ಉತ್ತರವಲ್ಲ. ಅಮೆರಿಕದ ಊರೂರಿಗೆ ರೈಲು ಇತ್ತು, ಸ್ಟೇಷನ್ನಿನಿಂದ ಸೈಟಿಗೆ ಕುದುರೆ ಗಾಡಿಯಿತ್ತು, ತುಂಡುಗಳು ಗಾಡಿಗೆ ಹಿಡಿಯುವಷ್ಟೇ ದೊಡ್ಡವಿದ್ದವು. ಮರಕ್ಕೆ ಮರ ಜೋಡಿಸುವ ಕೆಲಸ ಊರಿನ ಬಡಗಿಗೂ ಗೊತ್ತಿತ್ತು, ರೈತನಿಗೂ ಗೊತ್ತಿತ್ತು. 1911ರಿಂದ ಕಂಪನಿ ಸಾಲವನ್ನೂ ಕೊಡತೊಡಗಿತು. ಆರ್ಥಿಕ ಕುಸಿತದ ವರ್ಷಗಳಲ್ಲಿ ಅದೇ ಸಾಲ ಕಂಪನಿಯ ಕೊರಳಿಗೆ ಸುತ್ತಿಕೊಂಡಿತು. ಮನೆಯ ತೊಲೆ ಗಟ್ಟಿಯಾಗಿಯೇ ಇತ್ತು, ಕೊಂಡವನ ಸಂಬಳ ನಿಂತಿತ್ತು.

ಇಲ್ಲೊಂದು ಉಪಕಥೆ. ಮಾರಾಟದ ದಾಖಲೆಗಳನ್ನು ಕಂಪನಿ ಮುಂದೆ ನಾಶಪಡಿಸಿತು. ಹಾಗಾಗಿ ಯಾವ ಊರಿನ ಯಾವ ಮನೆ ಸಿಯರ್ಸ್ ಮನೆ ಎಂದು ಹೇಳುವ ಪಟ್ಟಿಯೇ ಇಲ್ಲ. 1986ರಲ್ಲಿ ಕ್ಯಾಥರೀನ್ ಕೋಲ್ ಸ್ಟೀವನ್ಸನ್ ಮತ್ತು ಎಚ್. ವಾರ್ಡ್ ಜಾಂಡಲ್ ಹಳೆಯ ಕ್ಯಾಟಲಾಗುಗಳನ್ನು ಸೋಸಿ 'ಹೌಸಸ್ ಬೈ ಮೇಲ್' ಎಂಬ ಮಾರ್ಗದರ್ಶಿ ತಂದರು. ಅದನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ಬೀದಿ ತಿರುಗುವ ಹವ್ಯಾಸಿಗಳು ಹುಟ್ಟಿಕೊಂಡರು. ಅನುಮಾನ ಬಂದ ಮನೆಯವರನ್ನು ಒಪ್ಪಿಸಿ ನೆಲಮಾಳಿಗೆಗೆ ಇಳಿದು, ತೊಲೆಯ ಬದಿಯಲ್ಲಿ ಅಚ್ಚೊತ್ತಿದ ನಂಬರು ಇದೆಯೇ ಎಂದು ಟಾರ್ಚು ಬಿಟ್ಟು ನೋಡುತ್ತಾರೆ. ಮಾರುವುದಕ್ಕೆಂದು ಅಚ್ಚಾದದ್ದು ಎಂಬತ್ತು ವರ್ಷಗಳ ಮೇಲೆ ಇತಿಹಾಸದ ಆಕರವಾಯಿತು. ಆ ನಂಬರುಗಳಲ್ಲೇ ಎಷ್ಟು ಹಾಸ್ಯ ಅಡಗಿದೆ ಎಂಬುದನ್ನು ಬಸ್ಟರ್ ಕೀಟನ್ 1920ರಲ್ಲೇ ಕಂಡಿದ್ದ. ಅವನ 'ಒನ್ ವೀಕ್' ಎಂಬ ಮೂಕಿಚಿತ್ರದಲ್ಲಿ ಹೊಸ ದಂಪತಿಗೆ ಪೆಟ್ಟಿಗೆಗಳಲ್ಲಿ ಮನೆ ಉಡುಗೊರೆ ಬರುತ್ತದೆ. ಮದುವೆಯಾಗಲು ಆಸೆಪಟ್ಟು ಸೋತಿದ್ದ ಮತ್ತೊಬ್ಬ ಪೆಟ್ಟಿಗೆಗಳ ಮೇಲಿನ ನಂಬರನ್ನೇ ತಿದ್ದಿಬಿಡುತ್ತಾನೆ. ಮುಂದಿನದನ್ನು ನೀವೇ ನೋಡಿ. ವಿದ್ಯಾರ್ಥಿಗಳಿಗೆ ಜೋಡಣೆಯ ಕ್ರಮ ಪಾಠ ಮಾಡುವ ಮೊದಲು ನಾನು ತೋರಿಸುತ್ತಿದ್ದದ್ದು ಈ ಚಿತ್ರವನ್ನು.

ಇನ್ನು ಎರಡನೆಯ ಬಗೆ, ಕನಸಿನ ಪುಸ್ತಕಗಳು. ಇವುಗಳನ್ನು ಬರೆದವರು ವ್ಯಾಪಾರಿಗಳಲ್ಲ, ವಾಸ್ತುಶಿಲ್ಪಿಗಳು. ಕಾರು ಕಾರ್ಖಾನೆಯಿಂದ ಸಾಲಾಗಿ ಹೊರಬರುವುದಾದರೆ ಮನೆ ಏಕೆ ಬರಬಾರದು ಎಂಬುದು ಅವರೆಲ್ಲರ ಪ್ರಶ್ನೆ. 1923ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಲ ಕಾರ್ಬುಸಿಯೆ ಸಾಮೂಹಿಕವಾಗಿ ತಯಾರಾಗುವ ಮನೆಗಳಿಗೇ ಒಂದು ಅಧ್ಯಾಯ ಕೊಟ್ಟರು. ಅದಕ್ಕೂ ಮೊದಲೇ, 1910ರಲ್ಲಿ, ಜರ್ಮನಿಯ ವಾಲ್ಟರ್ ಗ್ರೋಪಿಯಸ್ ಇಂಥ ಮನೆಗಳ ಕಂಪನಿ ಸ್ಥಾಪಿಸಬೇಕೆಂದು ಒಂದು ದೊಡ್ಡ ಉದ್ಯಮದ ಮುಂದೆ ಯೋಜನೆ ಇಟ್ಟಿದ್ದರು. ಈ ಪುಸ್ತಕಗಳ ಗದ್ಯಕ್ಕೆ ಒಂದು ಬೀಸು ಇದೆ, ಓದುವಾಗ ರಕ್ತ ಬಿಸಿಯಾಗುತ್ತದೆ. ಕಾರಿಗೂ ಮನೆಗೂ ಇರುವ ಒಂದು ಸಣ್ಣ ವ್ಯತ್ಯಾಸವನ್ನು ಮಾತ್ರ ಅವು ಬೇಗ ದಾಟಿ ಹೋಗುತ್ತವೆ. ಕಾರು ಕಾರ್ಖಾನೆಯ ಗೇಟಿನಿಂದ ತಾನೇ ಓಡಿಕೊಂಡು ಬರುತ್ತದೆ. ಮನೆಯನ್ನು ಹೊತ್ತು ತರಬೇಕು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಇಂದಿನ ಮಾತಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಸ್ತಕ ಈ ಭಾಗದಲ್ಲಿದೆ. ಗಿಲ್ಬರ್ಟ್ ಹರ್ಬರ್ಟ್ ಬರೆದು ಎಂಐಟಿ ಪ್ರೆಸ್ 1984ರಲ್ಲಿ ಪ್ರಕಟಿಸಿದ 'ದ ಡ್ರೀಮ್ ಆಫ್ ದ ಫ್ಯಾಕ್ಟರಿ-ಮೇಡ್ ಹೌಸ್'. ಅದು ಗ್ರೋಪಿಯಸ್ ಮತ್ತು ಕೊನ್ರಾಡ್ ವಾಕ್ಸ್‌ಮನ್ ಎಂಬ ಇಬ್ಬರ ಕಥೆ. ವಾಕ್ಸ್‌ಮನ್ ಬಡಗಿ ಕೆಲಸ ಕಲಿತು ಬಂದವರು. ಜರ್ಮನಿಯ ನೀಸ್ಕಿ ಎಂಬ ಊರಿನ ಮರದ ಮನೆಗಳ ಕಾರ್ಖಾನೆಯಲ್ಲಿ ದುಡಿದರು. 1929ರಲ್ಲಿ ಬರ್ಲಿನ್ ಬಳಿಯ ಕಪುಟ್‌ನಲ್ಲಿ ಐನ್‌ಸ್ಟೈನ್ ಅವರ ಬೇಸಿಗೆ ಮನೆ ಕಟ್ಟಿದರು. ಮರದ ಮನೆ ಕಟ್ಟುವ ತಂತ್ರದ ಬಗ್ಗೆ 1930ರಲ್ಲಿ ಜರ್ಮನ್ ಭಾಷೆಯಲ್ಲಿ ಸೊಗಸಾದ ಪುಸ್ತಕ ತಂದರು. ನಾಜಿಗಳ ಕಾಲದಲ್ಲಿ ಗ್ರೋಪಿಯಸ್ ದೇಶ ಬಿಟ್ಟು ಅಮೆರಿಕ ಸೇರಿದರು. ಯಹೂದಿಯಾಗಿದ್ದ ವಾಕ್ಸ್‌ಮನ್ 1941ರಲ್ಲಿ ಹೇಗೋ ಪಾರಾಗಿ ಅಲ್ಲಿಗೇ ಬಂದರು. ಇಬ್ಬರೂ ಸೇರಿ 'ಪ್ಯಾಕೇಜ್ಡ್ ಹೌಸ್' ಎಂಬ ಪದ್ಧತಿ ರೂಪಿಸಿದರು. ಮೂರು ಅಡಿ ನಾಲ್ಕು ಅಂಗುಲದ ಲೆಕ್ಕದಲ್ಲಿ ಮರದ ಪ್ಯಾನೆಲ್‌ಗಳು. ಗೋಡೆಗೂ ಅದೇ, ನೆಲಕ್ಕೂ ಅದೇ, ಮಾಡಿಗೂ ಅದೇ. ಅವುಗಳನ್ನು ಕಚ್ಚಿ ಹಿಡಿಯಲು ಲೋಹದ ಒಂದು ಕೊಕ್ಕೆ. ಸುತ್ತಿಗೆಯಿಂದ ಬೆಣೆ ಬಡಿದರೆ ಬಿಗಿ, ತೆಗೆದರೆ ಸಡಿಲ.

ಆ ಕೊಕ್ಕೆಯ ಚಿತ್ರಗಳನ್ನು ನೋಡುತ್ತ ನಾನು ಎಷ್ಟೋ ಸಂಜೆ ಕಳೆದಿದ್ದೇನೆ. ಮೂರು ದಿಕ್ಕಿನಿಂದ ಬರುವ ಪ್ಯಾನೆಲ್‌ಗಳು ಒಂದೇ ಬಿಂದುವಿನಲ್ಲಿ ಕೂಡುವ ಜಾಣತನ ನೋಡಿದರೆ ನಮ್ಮ ತೊಟ್ಟಿಮನೆಗಳ ಕಂಬದ ಬೋದಿಗೆ ನೆನಪಾಗುತ್ತದೆ. ನನ್ನ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇಷ್ಟು ಸಂಪೂರ್ಣವಾದ ಉತ್ತರ ಇನ್ನೊಂದಿಲ್ಲ. ಆದರೂ ಈ ಪದ್ಧತಿಯಲ್ಲಿ ಮಾರಾಟವಾದ ಮನೆ ಇನ್ನೂರನ್ನೂ ಮುಟ್ಟಲಿಲ್ಲ. ಏಕೆ ಎಂಬುದನ್ನು ಹರ್ಬರ್ಟ್ ಪತ್ತೇದಾರನ ತಾಳ್ಮೆಯಿಂದ ಬಿಚ್ಚಿಡುತ್ತಾರೆ. ವಾಕ್ಸ್‌ಮನ್ ಕೊಕ್ಕೆಯನ್ನು ತಿದ್ದುತ್ತಲೇ ಇದ್ದರು. ಬಂಡವಾಳ ಬಂದಾಗ ವಿನ್ಯಾಸ ಮುಗಿದಿರಲಿಲ್ಲ, ವಿನ್ಯಾಸ ಮುಗಿದಾಗ ಸರ್ಕಾರದ ಬೆಂಬಲ ಇರಲಿಲ್ಲ, ಕ್ಯಾಲಿಫೋರ್ನಿಯಾದ ಕಾರ್ಖಾನೆ ಸಿದ್ಧವಾದಾಗ ಕೊಳ್ಳುವವರು ಬೇರೆ ಮನೆಗಳಲ್ಲಿ ಸಂಸಾರ ಹೂಡಿದ್ದರು. ಇಬ್ಬರು ದೊಡ್ಡವರ ಸೋಲನ್ನು ಗೇಲಿ ಮಾಡದೆ, ಅತ್ತು ಕರೆಯದೆ ಬರೆಯುವುದು ಎಷ್ಟು ಕಷ್ಟ ಎಂದು ಬರೆಯುವ ಚಟ ಇರುವವರಿಗೆ ಗೊತ್ತು.

ಸೋಲಿನ ಪುಸ್ತಕಗಳ ಸಾಲಿನಲ್ಲಿ ಇನ್ನೊಂದು, ಲಸ್ಟ್ರಾನ್ ಮನೆಯದು. ಕಾರ್ಲ್ ಸ್ಟ್ರ್ಯಾಂಡ್ಲಂಡ್ ಎಂಬ ಉದ್ಯಮಿ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಒಹಾಯೊ ರಾಜ್ಯದಲ್ಲಿ ಉಕ್ಕಿನ ಮನೆ ಮಾಡತೊಡಗಿದ. ಒಳಗೂ ಹೊರಗೂ ಪಿಂಗಾಣಿ ಲೇಪ, ನಮ್ಮ ಮನೆಗಳ ಎನಾಮಲ್ ತಟ್ಟೆಗೆ ಇರುತ್ತಿತ್ತಲ್ಲ ಅಂಥದ್ದು. ಬಣ್ಣ ಹೊಡೆಯುವ ಹಾಗಿಲ್ಲ, ಗೋಡೆಗೆ ಮೊಳೆ ಹೊಡೆಯುವ ಹಾಗೂ ಇಲ್ಲ. ದೇವರ ಪಟ ತೂಗಬೇಕಾದರೆ ಅಯಸ್ಕಾಂತ! ಸರ್ಕಾರದ ಸಾಲ 3 ಕೋಟಿ 70 ಲಕ್ಷ ಡಾಲರ್ ದಾಟಿತು. ಸುಮಾರು 2,500 ಮನೆಗಳಾಗುವಷ್ಟರಲ್ಲಿ, 1950ರಲ್ಲಿ, ಕಂಪನಿ ದಿವಾಳಿಯಾಯಿತು. 2004ರಲ್ಲಿ ಬಂದ ಡಗ್ಲಸ್ ನರ್ ಅವರ 'ಸಬರ್ಬನ್ ಸ್ಟೀಲ್' ಇದರ ಲೆಕ್ಕಪತ್ರವನ್ನೆಲ್ಲ ತೆರೆದಿಡುತ್ತದೆ. ಮನೆಗಳು ಮಾತ್ರ ಇವತ್ತಿಗೂ ಹಲವೆಡೆ ಹೊಳೆಯುತ್ತ ನಿಂತಿವೆ.

ಇದಕ್ಕೆ ಎದುರಾಗಿ ಬ್ರಿಟನ್ನಿನ ಕಥೆ ಇಡಬೇಕು. ಅಲ್ಲಿ ಬಾಂಬುಗಳಿಗೆ ಮನೆ ಕಳೆದುಕೊಂಡವರಿಗಾಗಿ 1945ರಿಂದ 1949ರವರೆಗೆ 1,56,000ಕ್ಕೂ ಹೆಚ್ಚು ತಾತ್ಕಾಲಿಕ ಪ್ರಿಫ್ಯಾಬ್ ಮನೆಗಳು ಎದ್ದವು. ಆಯಸ್ಸು ಹತ್ತು ವರ್ಷ ಎಂದು ಲೆಕ್ಕ. ಮನೆಯೊಳಗೇ ಶೌಚಾಲಯ, ಅಡುಗೆಮನೆಯಲ್ಲಿ ಫ್ರಿಜ್ಜು, ಸುತ್ತ ಒಂದಿಷ್ಟು ಹಿತ್ತಿಲು ಕಂಡ ಜನ ಆಮೇಲೆ ಏಳಲೇ ಇಲ್ಲ. ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ಅಂಥ ಮನೆಗಳ ಒಂದು ಬಡಾವಣೆ ಅರವತ್ತು ವರ್ಷ ದಾಟಿ ಬಾಳಿತು. 2009ರಲ್ಲಿ ಅದರ ಆರು ಮನೆಗಳು ಸಂರಕ್ಷಿತ ಕಟ್ಟಡಗಳ ಪಟ್ಟಿ ಸೇರಿದವು. ಬ್ರೆಂಡಾ ವೇಲ್ 1995ರಲ್ಲಿ ಬರೆದ 'ಪ್ರಿಫ್ಯಾಬ್ಸ್' ಈ ಯೋಜನೆಯ ಒಳಹೊರಗನ್ನು ತಿಳಿಸುತ್ತದೆ. ಮನೆಯ ಆಯಸ್ಸನ್ನು ಎಂಜಿನಿಯರು ಬರೆಯುತ್ತಾನೆ, ಅದನ್ನು ಬದುಕುವವರು ತಿದ್ದುತ್ತಾರೆ.

ಆಗಲೇ ಒಂದು ಎತ್ತರದ ಕಟ್ಟಡದ ಹೆಸರು ಹೇಳುವುದಾಗಿ ಸೂಚಿಸಿದ್ದೆ. ಅದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್. 22 ಅಂತಸ್ತಿನ ಈ ಕಟ್ಟಡವನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದ ದೊಡ್ಡ ಕಾಂಕ್ರೀಟ್ ಪ್ಯಾನೆಲ್‌ಗಳಿಂದ ಕಟ್ಟಿದ್ದರು. ಜನ ವಾಸಕ್ಕೆ ಬಂದು ಕೆಲವೇ ವಾರಗಳಾಗಿದ್ದವು. 1968ರ ಮೇ 16ರ ಬೆಳಗ್ಗೆ 18ನೇ ಮಹಡಿಯಲ್ಲಿ ಒಬ್ಬ ಹೆಂಗಸು ಚಹಾಕ್ಕೆಂದು ಒಲೆ ಹಚ್ಚಿದಾಗ ಸೋರಿದ ಗ್ಯಾಸು ಸಿಡಿಯಿತು. ಹೊರಗೋಡೆಯ ಪ್ಯಾನೆಲ್ ಕಿತ್ತು ಹೋಯಿತು. ಅದರ ಮೇಲಿದ್ದದ್ದೆಲ್ಲ ಕುಸಿಯಿತು. ಬಿದ್ದ ಭಾರಕ್ಕೆ ಕೆಳಗಿನವೂ ಒಂದರ ಹಿಂದೊಂದು, ಇಸ್ಪೀಟಿನ ಮನೆಯಂತೆ, ಇಡೀ ಮೂಲೆಯೇ ನೆಲಕ್ಕಿಳಿಯಿತು. ನಾಲ್ವರು ಸತ್ತರು. ಒಲೆ ಹಚ್ಚಿದ ಹೆಂಗಸು ಬದುಕಿದರು. ಪ್ಯಾನೆಲ್‌ಗಳು ಗಟ್ಟಿಯಾಗಿದ್ದವು. ಪ್ಯಾನೆಲ್‌ಗಳ ನಡುವಿನ ಸಂದು ಗಟ್ಟಿ ಇರಲಿಲ್ಲ. ಬ್ರಿಟನ್ನಿನ ಕಟ್ಟಡ ನಿಯಮಗಳೇ ಆಮೇಲೆ ಬದಲಾದವು.

ಈಗ ಮೂರನೆಯ ಭಾಗ, ಈ ಶತಮಾನದ ಬಣ್ಣದ ಪುಸ್ತಕಗಳು. 2002ರಲ್ಲಿ ಆಲಿಸನ್ ಆರಿಯೆಫ್ ಮತ್ತು ಬ್ರಯನ್ ಬರ್ಕ್‌ಹಾರ್ಟ್ ಅವರ 'ಪ್ರಿಫ್ಯಾಬ್' ಬಂದ ಮೇಲೆ ಅಮೆರಿಕದಲ್ಲಿ ಇಂಥ ಪುಸ್ತಕಗಳ ಸುಗ್ಗಿ. 2003ರಲ್ಲಿ 'ಡ್ವೆಲ್' ಪತ್ರಿಕೆ ಎರಡು ಲಕ್ಷ ಡಾಲರಿನೊಳಗೆ ಚಂದದ ಪ್ರಿಫ್ಯಾಬ್ ಮನೆ ವಿನ್ಯಾಸ ಮಾಡಿ ಎಂದು ವಾಸ್ತುಶಿಲ್ಪಿಗಳಿಗೆ ಸ್ಪರ್ಧೆ ಇಟ್ಟಿತು. ಜಿಲ್ ಹರ್ಬರ್ಸ್, ಶೆರಿ ಕೂನ್ಸ್ ಮೊದಲಾದವರು ಸಾಲಾಗಿ ಪುಸ್ತಕ ತಂದರು. ನನ್ನ ಅಕ್ಕನ ಮಗನನ್ನು ಕೆಡಿಸಿದ್ದು ಈ ಕುಲದ್ದೇ ಒಂದು ಪುಸ್ತಕ. ಇವುಗಳ ಪುಟ ತಿರುವಿ: ಸಂಜೆಯ ಬೆಳಕು, ಗಾಜಿನ ಗೋಡೆ, ಹುಲ್ಲುಗಾವಲು, ಒಂದು ಬೋಳು ಕುರ್ಚಿ. ಕ್ರೇನು ಇಲ್ಲ, ಕೆಸರಿಲ್ಲ, ಬಟ್ಟೆ ಒಣಹಾಕುವ ಹಗ್ಗವಂತೂ ಇಲ್ಲವೇ ಇಲ್ಲ. ಬೆಲೆ ಹೇಳಿದರೂ ಅದು ಕಾರ್ಖಾನೆ ಗೇಟಿನ ಬೆಲೆ. ಪಾಯ, ಸಾಗಣೆ, ನೀರು, ವಿದ್ಯುತ್ತು ಇವೆಲ್ಲ ಸೇರಿದಾಗ ಮನೆಯ ಖರ್ಚು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಚಿತ್ರ ಹೇಳಲಾರದು.

ಇವುಗಳಲ್ಲಿ ಪ್ರಾಮಾಣಿಕವಾದದ್ದು ಒಂದೂ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ಮಿಷೆಲ್ ಕಾಫ್‌ಮನ್ ಎಂಬ ವಾಸ್ತುಶಿಲ್ಪಿ ಪರಿಸರಸ್ನೇಹಿ ಪ್ರಿಫ್ಯಾಬ್ ಮನೆಗಳಿಗೆ ಹೆಸರಾಗಿದ್ದವರು. ಅವರ 'ಪ್ರಿಫ್ಯಾಬ್ ಗ್ರೀನ್' ಎಂಬ ಪುಸ್ತಕ ಬಂದದ್ದು 2009ರಲ್ಲಿ. ಗೃಹಸಾಲದ ಬಿಕ್ಕಟ್ಟಿನಲ್ಲಿ ಅವರ ಸಂಸ್ಥೆ ಬಾಗಿಲು ಹಾಕಿದ್ದೂ ಅದೇ ವರ್ಷ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ಆ ಪುಸ್ತಕದ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಒಳ್ಳೆಯ ವಿನ್ಯಾಸ, ಒಳ್ಳೆಯ ಮನಸ್ಸು ಎರಡೂ ಇದ್ದ ಕಡೆಯೂ ಕಾರ್ಖಾನೆಗೆ ತಿಂಗಳು ತಿಂಗಳೂ ಆರ್ಡರ್ ಬೇಕು. ಸೈಟಿನ ಮೇಸ್ತ್ರಿಯಾದರೆ ಕೆಲಸ ಇಲ್ಲದಾಗ ಊರಿಗೆ ಹೋಗಿ ರಾಗಿ ಕುಯ್ದು ಬರುತ್ತಾನೆ. ಕಾರ್ಖಾನೆಗೆ ಹೋಗಲು ಊರಿಲ್ಲ.

ಈ ಸುಗ್ಗಿಯ ನಡುವೆ ತಣ್ಣೀರೆರಚಿದ್ದು ಕಾಲಿನ್ ಡೇವಿಸ್. ಅವರ 'ದ ಪ್ರಿಫ್ಯಾಬ್ರಿಕೇಟೆಡ್ ಹೋಮ್' 2005ರಲ್ಲಿ ಬಂತು. ಪ್ರಸಿದ್ಧ ವಾಸ್ತುಶಿಲ್ಪಿಗಳ ಪ್ರಿಫ್ಯಾಬ್ ಮನೆಗಳು ಹೆಚ್ಚುಕಡಿಮೆ ಎಲ್ಲವೂ ವ್ಯಾಪಾರದಲ್ಲಿ ಸೋತವು, ಗೆದ್ದದ್ದೆಲ್ಲ ವಾಸ್ತುಶಿಲ್ಪಿಗಳು ಮೂಗು ಮುರಿದ ಸಾಧಾರಣ ಮನೆಗಳು ಎಂಬುದು ಅವರ ವಾದ. ಇದನ್ನು ಓದಿಸಿದಾಗಲೆಲ್ಲ ನನ್ನ ವಿದ್ಯಾರ್ಥಿಗಳಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬರಲಿ ಎಂದೇ ಓದಿಸುತ್ತಿದ್ದೆ. ಜಪಾನ್ ಕಡೆ ನೋಡಿದರೆ ಡೇವಿಸ್ ಮಾತಿನ ತೂಕ ತಿಳಿಯುತ್ತದೆ. ಅಲ್ಲಿ ಡೈವಾ ಹೌಸ್ ಕಂಪನಿ 1959ರಲ್ಲಿ ಶುರುಮಾಡಿದ್ದು ಅರಮನೆಯಿಂದಲ್ಲ, ಹಿತ್ತಿಲಲ್ಲಿ ಮೂರು ಗಂಟೆಯಲ್ಲಿ ನಿಲ್ಲಿಸಬಹುದಾದ, ಮಕ್ಕಳು ಕೂತು ಓದುವ ಒಂದು ಪುಟ್ಟ ಕೋಣೆಯಿಂದ. ಇವತ್ತು ಅಲ್ಲಿ ಮನೆ ಮಾಡುವ ಕಾರ್ಖಾನೆ ದೊಡ್ಡ ಉದ್ಯಮ, ಕಾರಿನ ಟೊಯೋಟಾ ಕೂಡ 1975ರಲ್ಲಿ ಮನೆಯ ವ್ಯವಹಾರಕ್ಕೆ ಇಳಿಯಿತು. ಚಿತ್ರಪುಸ್ತಕಗಳಲ್ಲಿ ಆ ಮನೆಗಳಿಗೆ ಸಿಗುವ ಜಾಗ ಅಷ್ಟಕ್ಕಷ್ಟೆ. ನೋಡಲು ಪಕ್ಕದ ಮನೆಯಂತೆಯೇ ಇರುತ್ತವಲ್ಲ, ಅದಕ್ಕೆ.

ಕೊನೆಯ ಭಾಗಕ್ಕೆ ಬಂದೆ. ನೆಲದ ಪ್ರಶ್ನೆ. ಫ್ರಾನ್ಸಿನ ಜಾನ್ ಪ್ರೂವೆ ಎಂಬ ಅಸಾಧಾರಣ ಲೋಹಶಿಲ್ಪಿ 1949ರಿಂದ 51ರ ನಡುವೆ ಆಫ್ರಿಕದ ಬಿಸಿಲಿಗೆಂದು ಅಲ್ಯೂಮಿನಿಯಮ್ ಮನೆ ಮಾಡಿದರು. ವಿಮಾನದಲ್ಲಿ ನಿಯಾಮೆಗೂ ಬ್ರಾಜವಿಲ್‌ಗೂ ಕಳಿಸಿದರು. ಒಟ್ಟು ಮೂರು ಮನೆಗಳಾದವು, ನಾಲ್ಕನೆಯದಕ್ಕೆ ಆರ್ಡರ್ ಬರಲಿಲ್ಲ. ಅವುಗಳಲ್ಲಿ ಒಂದನ್ನು ಎಷ್ಟೋ ಕಾಲದ ಮೇಲೆ ಬಿಚ್ಚಿ ತಂದು 2007ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜು ಹಾಕಿದಾಗ ಐವತ್ತು ಲಕ್ಷ ಡಾಲರಿನ ಹತ್ತಿರ ಬಂತು. ಬಡವರ ನೆಲಕ್ಕೆ ಹೊಂದದ ಮನೆ ಸಿರಿವಂತರ ಸಂಗ್ರಹಕ್ಕೆ ಹೊಂದಿತು.

ಹೆಚ್ಚುಕಡಿಮೆ ಪ್ರೂವೆ ಈ ಮನೆಗಳನ್ನು ಮಾಡುತ್ತಿದ್ದ ಹೊತ್ತಿಗೇ ದೆಹಲಿಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಅದರ ಹಿಂದಿದ್ದವರು ಒಟ್ಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವರು. ಯಹೂದಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲವು ವರ್ಷ ಇದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬೆಂಗಳೂರಿಗೆ ಬಂದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಆ ಮಾವ ಕೆಲವು ವರ್ಷ ಮೊದಲೇ ಬೆಂಗಳೂರಿಗೆ ಬಂದು ಹೋಗಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕ್ಸ್ ವಿಭಾಗ, ಊಟದ ಮನೆ ಇವೆಲ್ಲ ಕೋನಿಗ್ಸ್‌ಬರ್ಗರ್ ಅವರ ವಿನ್ಯಾಸಗಳು. ಬಿಸಿಲು ಎಲ್ಲಿಂದ ಬೀಳುತ್ತದೆ, ಗಾಳಿ ಎಲ್ಲಿಂದ ನುಗ್ಗುತ್ತದೆ ಎಂದು ನೋಡಿಕೊಂಡೇ ಗೋಡೆ ಎಬ್ಬಿಸಿದವರು.

ಸ್ವಾತಂತ್ರ್ಯ ಬಂದ ಮೇಲೆ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶವಿಭಜನೆಯ ನಿರಾಶ್ರಿತರು ಲಕ್ಷಗಟ್ಟಲೆ ಬೀದಿಯಲ್ಲಿದ್ದರು, ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತ ಕೂರಲು ವೇಳೆ ಇರಲಿಲ್ಲ. ದೆಹಲಿಯಲ್ಲಿ ಸರ್ಕಾರಿ ಮನೆ ಕಾರ್ಖಾನೆ ಎದ್ದಿತು. ಹಗುರವಾದ ನೊರೆ ಕಾಂಕ್ರೀಟಿನ ದೊಡ್ಡ ಪ್ಯಾನೆಲ್‌ಗಳನ್ನು ಎರಕ ಹೊಯ್ದು ಮನೆ ಜೋಡಿಸುವುದು ಯೋಜನೆ. ಪ್ಯಾನೆಲ್‌ಗಳು ಬಿರುಕುಬಿಟ್ಟವು. ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳೆದ್ದವು, ಪತ್ರಿಕೆಗಳು ಬೆನ್ನು ಬಿದ್ದವು, ಯೋಜನೆ ನಿಂತಿತು. ಕೋನಿಗ್ಸ್‌ಬರ್ಗರ್ 1951ರಲ್ಲಿ ಭಾರತ ಬಿಟ್ಟು ಲಂಡನ್ನಿಗೆ ಹೋದರು. ಕಾರ್ಖಾನೆ ಮಾತ್ರ ಉಳಿಯಿತು. ಕೈ ಬದಲಾಯಿಸಿ, ಬೇರೆ ಬೇರೆ ಸರಕು ಮಾಡುತ್ತ, ಹಿಂದೂಸ್ತಾನ್ ಪ್ರಿಫ್ಯಾಬ್ ಎಂಬ ಸರ್ಕಾರಿ ಕಂಪನಿಯಾಗಿ ಬಾಳಿತು.

ಲಂಡನ್ನಿನಲ್ಲಿ ಅವರು ಉಷ್ಣವಲಯದ ಕಟ್ಟಡಗಳ ಬಗ್ಗೆ ಪಾಠ ಮಾಡುವ ವಿಭಾಗವನ್ನು ಬೆಳೆಸಿದರು. ಮೂವರು ಸಹೋದ್ಯೋಗಿಗಳ ಜೊತೆ ಸೇರಿ 1974ರಲ್ಲಿ 'ಮ್ಯಾನ್ಯುಯಲ್ ಆಫ್ ಟ್ರಾಪಿಕಲ್ ಹೌಸಿಂಗ್ ಅಂಡ್ ಬಿಲ್ಡಿಂಗ್' ತಂದರು. ಈ ಸಭೆಯಲ್ಲಿರುವ ವಾಸ್ತುಶಿಲ್ಪಿಗಳಲ್ಲಿ ಅದನ್ನು ಪರೀಕ್ಷೆಗೆ ಓದದವರು ಕಡಿಮೆ. ಸೂರ್ಯ ಯಾವ ತಿಂಗಳು ಎಷ್ಟು ಹೊತ್ತಿಗೆ ಎಲ್ಲಿರುತ್ತಾನೆ, ನೆರಳಿನ 'ಛಜ್ಜಾ' ಎಷ್ಟು ಚಾಚಬೇಕು, ಬೆವರು ಆರಲು ಎಷ್ಟು ಗಾಳಿ ಬೇಕು, ಇಂಥ ಲೆಕ್ಕಗಳ ಪುಸ್ತಕ. ಅದರಲ್ಲಿ ಮರುಳು ಮಾಡುವ ಒಂದು ಫೋಟೊ ಇಲ್ಲ. ನಮ್ಮ ವಿಭಾಗದ ಕಪಾಟಿನ ಜವಾಬ್ದಾರಿ ನನ್ನ ಮೇಲಿದ್ದಷ್ಟು ಕಾಲದಲ್ಲಿ ಅದಕ್ಕೆ ಎರಡು ಸಲ ಬೈಂಡು ಹಾಕಿಸಬೇಕಾಯಿತು. ಬಣ್ಣದ ಪ್ರಿಫ್ಯಾಬ್ ಪುಸ್ತಕಗಳ ರಟ್ಟು ಹೊಸದಾಗಿಯೇ ಇತ್ತು. ಅವು ಮೇಜಿನ ಮೇಲೆ ನೋಡುವ ಪುಸ್ತಕಗಳು, ಮನೆಗೆ ಒಯ್ಯುವಂಥವಲ್ಲ. ದೆಹಲಿಯ ಬಿರುಕಿಗೂ ಈ ಪುಸ್ತಕಕ್ಕೂ ನೇರ ಗಂಟು ಹಾಕಲು ನನ್ನ ಬಳಿ ಪುರಾವೆ ಇಲ್ಲ. ಓದುವಾಗ ಮಾತ್ರ ಆ ಬಿರುಕು ನನ್ನ ಕಣ್ಣ ಮುಂದಿರುತ್ತದೆ.

ಮಾತು ಮುಗಿಸುವ ಮೊದಲು ತೋಟದ ಮನೆಗೆ ಮರಳಬೇಕು, ಪಾಪ, ಅದನ್ನು ಸೋರುತ್ತಿರುವಾಗಲೇ ಬಿಟ್ಟು ಬಂದಿದ್ದೆ. ಅಕ್ಕನ ಮಗ ಸಂದಿಗೆ ಟಾರ್ ಶೀಟು ಬಡಿದ, ಸಿಲಿಕಾನ್ ತುಂಬಿಸಿದ, ಕಂಪನಿಗೆ ಫೋನು ಮಾಡಿ ಮಾಡಿ ಸಾಕಾದ. ತಗಡಿನ ಮೇಲೆ ಮಳೆಯ ಸದ್ದಿಗೆ ಒಳಗೆ ಮಾತೇ ಕೇಳುತ್ತಿರಲಿಲ್ಲ. ಎರಡನೆಯ ಮಳೆಗಾಲಕ್ಕೆ ಮೊದಲು ಊರಿನ ಮೇಸ್ತ್ರಿಯೊಬ್ಬರು ಬಂದು ನೋಡಿ, ತಲೆ ಕೆರೆದು, ಇಡೀ ಮನೆಗೆ ಕೊಡೆ ಹಿಡಿದ ಹಾಗೆ ಮೇಲೊಂದು ಇಳಿಜಾರು ಮಾಡು ಎಬ್ಬಿಸಿದರು. ಅಜ್ಜನ ಕಾಲದ ಬಿದ್ದ ಕೊಟ್ಟಿಗೆಯ ಪಕಾಸು, ರೀಪು, ಅದರದೇ ಮಂಗಳೂರು ಹೆಂಚು.

ಆ ಹೆಂಚಿನ ಬಗ್ಗೆ ಒಂದು ಮಾತು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿಯ ಜೇಡಿ ಅಲ್ಲಿ ಅಚ್ಚಿನಲ್ಲಿ ಒತ್ತಿ, ಸುಟ್ಟು, ಹಡಗಿನಲ್ಲಿ ದೂರ ದೇಶಗಳಿಗೆ ಹೋಯಿತು. ಎಲ್ಲವೂ ಒಂದೇ ಅಳತೆ. ಎತ್ತಿನಗಾಡಿಯಲ್ಲಿ ಬರುತ್ತದೆ, ಒಂದು ಕೈಯಲ್ಲಿ ಎತ್ತಬಹುದು, ಕೆಳಗಿನವನು ಎಸೆದರೆ ಮಾಡಿನ ಮೇಲಿನವನು ಹಿಡಿಯುತ್ತಾನೆ. ಒಂದರ ತೋಡಿನೊಳಗೆ ಇನ್ನೊಂದರ ಏಣು ಕೂರುತ್ತದೆ, ಸಂದಿನ ಮೇಲೆ ಬಿದ್ದ ನೀರು ಸಂದಿನೊಳಗೆ ಇಳಿಯದೆ ಮುಂದಿನ ಹೆಂಚಿಗೆ ಜಾರುತ್ತದೆ. ಒಡೆದರೆ ಒಂದನ್ನು ಮಾತ್ರ ತೆಗೆದು ಬೇರೆ ಇಟ್ಟರಾಯಿತು. ಪ್ರಿಫ್ಯಾಬ್ ಪುಸ್ತಕಗಳ ಪರಿವಿಡಿಯಲ್ಲಿ ನಾನು ಹುಡುಕಿದ್ದೇನೆ, ಅದು ಅಲ್ಲಿ ಇಲ್ಲ.

ಹೋದ ವರ್ಷ ಜುಲೈಯಲ್ಲಿ ನಾನು ಅಲ್ಲಿ ಎರಡು ರಾತ್ರಿ ಇದ್ದೆ. ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿದರೆ, ಮೇಲೆ ಹೆಂಚಿನ ಅಡಿಯಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರು ಕಾಣುತ್ತದೆ. ನಮ್ಮ ತಲೆಮಾರಿನ ಮಲೆನಾಡಿನ ಮಕ್ಕಳು ಶಾಲೆಗೆ ಸೇರುವ ಮೊದಲೇ ಇಂಗ್ಲಿಷ್ ಅಕ್ಷರ ಗುರುತಿಸಿದ್ದು ಹಾಗೆ, ಮಲಗಿಕೊಂಡು, ತಲೆಕೆಳಗಾಗಿ. ಪಕ್ಕದಲ್ಲಿ ಅಕ್ಕನ ಮೊಮ್ಮಗಳು ಮಲಗಿದ್ದಳು, ಐದು ವರ್ಷ. ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದಳು. ಮೂರನೆಯ ಸಾಲಿನ ಒಂದು ಹೆಂಚನ್ನು ತೋರಿಸಿ, "ಅಜ್ಜ, ಇದರಲ್ಲಿ ಯಾಕೆ ಬೇರೆ ಹೆಸರಿದೆ?" ಎಂದು ಕೇಳಿದಳು. ಅದು ಒಡೆದ ಜಾಗಕ್ಕೆ ಪಕ್ಕದ ತೋಟದಿಂದ ತಂದು ಇಟ್ಟ ಹೆಂಚು.